ಗಿಡ ಇಲ್ಲ, ಕುಲ್‌ಕುಲ್ ಐತಿ

ಮನ್ಯಾಗ ಕ್ರಿಸ್‌ಮಸ್ ಗಿಡ ಇಡಬೇಕೋ ಬ್ಯಾಡೋ ಅಂತ ನಿನ್ನೆಯಿಂದ ಮೆಲ್ಬರ್ನಿನ ನಮ್ಮ ಗುಂಪಿನಾಗ ನಡದದ್ದೆಲ್ಲಾ ಓದಿದೆ. "ಇಲ್ಲಿ ಬಂದು ನಮ್ಮ ಮಕ್ಕಳು ನಮ್ಮ ಹಬ್ಬ ಬಿಟ್ಟು ಅವರ ಹಬ್ಬ ಹಿಡದಾವು" ಅನ್ನೋ ಮಾತಿಗಷ್ಟ ನನ್ನ ತಕರಾರು ಐತ್ರಿ. ನನಗ ಈ ಹಬ್ಬ ಮೆಲ್ಬರ್ನ್ ಕಲಿಸಿದ್ದಲ್ಲ. ಬೆಳಗಾವಿಯೊಳಗ ಕಂಪೌಂಡ್ ಗ್ವಾಡಿ ಮ್ಯಾಲಿಂದ ತಾಟಿನಾಗ ಬಂದದ್ದು.

ನಾವಿದ್ದದ್ದು ಕ್ಯಾಂಪಿನಾಗ, ಅಂದ್ರ ಬೆಳಗಾವಿಯ ದಂಡು ಪ್ರದೇಶದಾಗ. 1856ರಾಗ ಶುರುವಾದ ಸೇಂಟ್ ಪಾಲ್ಸ್ ಸಾಲಿ, ಫಾತಿಮಾ ಕೆಥೆಡ್ರಲ್, ಎಲ್ಲಾ ನಡಕೊಂಡ ಹೋಗೂವಷ್ಟು ಸನೇ. ಬಾಜೂಮನಿಯವರು ಗೋವಾ ಕಡೆಯವರು. ಮನ್ಯಾಗ ಕೊಂಕಣಿ, ನಮ್ಮ ಕೂಡ ಕನ್ನಡ, ಹಾಲಿನವನ ಕೂಡ ಮರಾಠಿ. ದೀಪಾವಳಿಗೆ ನಮ್ಮ ಮನಿಯಿಂದ ಕರ್ಚಿಕಾಯಿ ಹೋದರ, ಕ್ರಿಸ್‌ಮಸ್‌ಗೆ ಅವರ ಮನಿಯಿಂದ ನೆವ್ರಿ. ಅದ ಅರ್ಧಚಂದ್ರ, ಅದ ಕೊಬ್ಬರಿ. "ನಮ್ಮ ಕರ್ಚಿಕಾಯಿನ ತಿರುಗಿ ಬಂತು ನೋಡ" ಅಂತ ಅಪ್ಪ ಪ್ರತಿ ವರ್ಷ ಅಂತಿದ್ದ, ಹೊಸಾ ಮಾತು ಕೇಳಿದಂಗ ಅವ್ವ ನಗತಿದ್ದಳು.

ಕುಲ್‌ಕುಲ್ ಅನ್ನೋ ಕ್ರಿಸ್‌ಮಸ್ ಸಿಹಿ ತಿಂಡಿ ಮಾಡೋ ದಿನ ಓಣಿ ಹುಡುಗ್ರೆಲ್ಲಾ ಅವರ ಅಡಗಿಮನ್ಯಾಗ. ಗೋಲಿಯಷ್ಟು ಹಿಟ್ಟು ಹೊಸಾ ಹಣಿಗಿ ಮ್ಯಾಲ ಒತ್ತಿ, ಹೆಬ್ಬಟ್ಟಿಲೆ ಮೆಲ್ಲಕ ಸುತ್ತಿದರ ಗೆರಿಗೆರಿ ಶಂಖದಂಗ ಆಕ್ಕಿತ್ತು. ನನ್ನವು ಎಣ್ಣ್ಯಾಗ ಬಿದ್ದ ಕೂಡ್ಲೆ ಬಿಚ್ಚಕೊಂತಿದ್ದವು. "ಇವು ನಿನ್ನವು" ಅಂತ ಆಂಟಿ ಅವನ್ನ ಬ್ಯಾರೆ ಬಟ್ಟಲದಾಗ ತಗದಿಡತಿದ್ರು.

ಒಂದು ವರ್ಷ ನುಗ್ಗಿ ಗಿಡದ ಟೊಂಗಿ ಸಲುವಾಗಿ ಅಪ್ಪಗೂ ಅಂಕಲ್‌ಗೂ ಜಗಳ ಆತು. ಮಳಿಗಾಲದಿಂದ ಮಾತಿಲ್ಲ ಕಥಿಯಿಲ್ಲ. ದೀಪಾವಳಿಗೆ ಕರ್ಚಿಕಾಯಿನೂ ಹೋಗಲಿಲ್ಲ, ಅವ್ವಗ ಅದ ದೊಡ್ಡ ಸಂಕಟ. 25ರ ಮುಂಜಾನೆ ನೋಡಿದರ, ಚರ್ಚಿನಿಂದ ಬಂದ ಅಂಕಲ್ ಕೋಟಿನ ಮ್ಯಾಲೇನ ತಾಟು ಹಿಡಕೊಂಡು ನಮ್ಮ ಗೇಟಿಗೆ ನಿಂತಾರ. ಒಂದು ಮಾತಾಡಲಿಲ್ಲ. ಅಪ್ಪನೂ ಆಡಲಿಲ್ಲ. ತಾಟು ಇಸಗೊಂಡು ಒಳಗ ಬಂದು, "ಖಾಲಿ ಕೊಡಬ್ಯಾಡ" ಅಂದ. ಮನ್ಯಾಗ ಏನೂ ಇರಲಿಲ್ಲ, ಅವ್ವ ಎರಡು ಮುಷ್ಟಿ ಸಕ್ಕರಿ ಹಾಕಿ ಕೊಟ್ಟಳು. ಇಲ್ಲಿ ಕಾರ್ಡಿನ ಮ್ಯಾಲ ಶಾಂತಿ ಅಂತ ಅಚ್ಚು ಹಾಕಿದ್ದು ನೋಡಿದಾಗೆಲ್ಲಾ ನನಗ ಆ ಸಕ್ಕರಿ ತಾಟ ಕಣ್ಣಿಗೆ ಕಟ್ಟತೈತಿ.

31ಕ್ಕ ಓಲ್ಡ್ ಮ್ಯಾನ್. ಬೆಳಗಾವಿ ಗೊತ್ತಿಲ್ಲದವರಿಗೆ ಹೇಳತೀನಿ: ಹಳೇ ಅರಬಿಯೊಳಗ ಹುಲ್ಲು, ಪಟಾಕಿ ತುಂಬಿ ಮುದುಕನ್ನ ಮಾಡಿ ರಾತ್ರಿ 12ಕ್ಕ ಸುಡತೀವಿ. ಆ ವರ್ಷದ ಮುದುಕಗ ಅಪ್ಪನ ಪ್ಯಾಂಟು, ಅಂಕಲ್ ಅಂಗಿ. ಇಬ್ಬರೂ ಬಾಜೂಕ ಬಾಜೂಕ ನಿಂತು ನೋಡಿದ್ರು. ನುಗ್ಗಿಕಾಯಿ ವಿಷಯ ಯಾರೂ ತಗೀಲಿಲ್ಲ.

ಹಿಂಗಾಗಿ ನಮ್ಮ ಮನ್ಯಾಗ ಗಿಡ ಇಲ್ಲ, ಕಾಗದದ ನಕ್ಷತ್ರ ಐತಿ. ಇಲ್ಲಿ ಡಿಸೆಂಬರ್ ಅಂದ್ರ ಬ್ಯಾಸಗಿ. ಹೊತ್ತು ಮುಳಗೂದ ರಾತ್ರಿ ಎಂಟೂವರಿ ದಾಟಿದ ಮ್ಯಾಲ. ನಕ್ಷತ್ರ ಹೊಳಿಯೂದರೊಳಗ ನನ್ನ ಮಗಳು ನಿದ್ದಿ ಹೋಗಿರತಾಳ. ಅಕಿಗೆ ಹಬ್ಬ ಅಂದ್ರ ಕುಲ್‌ಕುಲ್ಲ. ಅಕಿವೂ ಎಣ್ಣ್ಯಾಗ ಬಿಚ್ಚಕೊಂತಾವು.

ಶನಿವಾರ ಮಾಡತೀವಿ. ಬರವರು ಮಕ್ಕಳನ್ನ ಕರಕೊಂಡ ಬರ್ರಿ, ಒಂದೊಂದು ಹಣಿಗಿ ತರ್ರಿ. ಹೊಸಾದು ಮತ್ತ!