ರಟ್ಟಿನ ಗಾಡಿಯ ಕಡ್ಡಿ: ಅಚ್ಚೋ, ಇರುಸೋ, ಕದಿರೋ?

ಬಲ್ಲವರಲ್ಲಿ ಒಂದು ವಿಚಾರಣೆ. ಮನೆಗೆ ಬಂದು ಮೂಲೆ ಸೇರುವ ರಟ್ಟಿನ ಪೆಟ್ಟಿಗೆಗಳಿಂದ ಮಕ್ಕಳೊಂದಿಗೆ ಕೂತು ಆಟದ ಲಾರಿ, ಬಸ್, ಬಂಡಿ ಮಾಡುವುದನ್ನು ಹೇಳಿಕೊಡುವ ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದೇನೆ. ಓದುವವರು ಎಂಟು ಹತ್ತು ವರ್ಷದವರು. ಚಿತ್ರಗಳೇನೋ ಇರುತ್ತವೆ, ಆದರೆ ಚಿತ್ರದ ಪಕ್ಕದಲ್ಲಿ ಭಾಗಗಳ ಹೆಸರು ಬರೆಯಬೇಕಲ್ಲ, ಬರವಣಿಗೆ ಅಲ್ಲಿ ನಿಂತಿದೆ. ಗಾಲಿ, ಮೂತಿ, ಕಿಟಕಿ, ಚಾವಣಿ ಯಾವುದೂ ತೊಡಕಲ್ಲ. ಎರಡು ಗಾಲಿಗಳನ್ನು ಪೋಣಿಸುವ ಕಡ್ಡಿಯದ್ದೇ ತಕರಾರು.

ಮೊದಲು ಹೊಳೆಯುವುದು ಅಚ್ಚು. ಅಕ್ಷದ ತದ್ಭವ, ಹಳೆಯ ಮಾತು, ಉಚ್ಚಾರಕ್ಕೂ ಸಲೀಸು. ಆದರೆ ಗಾಲಿ ಕತ್ತರಿಸುವ ಮುನ್ನ ಮುಚ್ಚಳವನ್ನೋ ಬಟ್ಟಲನ್ನೋ ರಟ್ಟಿನ ಮೇಲೆ ಕವುಚಿ ಸುತ್ತ ಗೀಟು ಎಳೆಯುತ್ತೇವೆ. ಅದಕ್ಕೂ ಅಚ್ಚು ಎಂದೇ ಕರೆಯುತ್ತೇವೆ. ಒಂದೇ ಪುಟದಲ್ಲಿ ‘ಅಚ್ಚನ್ನು ರಟ್ಟಿನ ಮೇಲಿಡಿ’ ಎಂದೂ ‘ಅಚ್ಚನ್ನು ಗಾಲಿಯ ನಡುವೆ ತೂರಿಸಿ’ ಎಂದೂ ಬರೆದರೆ ಮಗು ಏನನ್ನು ಎಲ್ಲಿ ತೂರಿಸೀತು? ಅಕ್ಷ ಎಂದೇ ಬರೆಯೋಣವೆಂದರೆ, ಶಾಲೆಯ ಪಾಠದಲ್ಲಿ ಅದು ಭೂಮಿಯ ನಡುವೆ ಹಾದುಹೋಗುವ ಕಲ್ಪಿತ ಗೆರೆ. ಕೈಗೆ ಸಿಗದ ಗೆರೆಯ ಹೆಸರನ್ನು ಬಿದಿರುಕಡ್ಡಿಗೆ ಕೊಡಲು ನನಗೆ ಮನಸ್ಸಿಲ್ಲ. ಗ್ಯಾರೇಜಿನ ಮಾತಾದ ಆಕ್ಸಲ್ ಬಗ್ಗೆ ನನಗೆ ಮಡಿವಂತಿಕೆಯಿಲ್ಲ. ಆದರೆ ಮುಂದೆ ಹೇಳುವ ತೊಡಕನ್ನು ಅದೂ ಬಿಡಿಸುವುದಿಲ್ಲ.

ಹಾಗಾಗಿ ಇರುಸು. ಬಂಡಿಯ ಮಾತು, ಬೇರೆ ಅರ್ಥಗಳ ಗೊಂದಲವಿಲ್ಲ. (ಇರುಸುಮುರುಸಿಗೂ ಇದಕ್ಕೂ ನಂಟು ಹಚ್ಚುವ ಉತ್ಸಾಹ ಯಾರಿಗಾದರೂ ಬಂದರೆ ದಯವಿಟ್ಟು ಬೇರೆ ಎಳೆಯಲ್ಲಿ ಚರ್ಚಿಸೋಣ.) ಇರುಸನ್ನೇ ಹಿಡಿದು ಅರ್ಧ ಬರೆದ ಮೇಲೆ ನಿಜವಾದ ಪ್ರಶ್ನೆ ಎದುರಾಯಿತು: ಎತ್ತಿನ ಬಂಡಿಯ ಇರುಸು ತಿರುಗುವುದಿಲ್ಲ. ಅದು ಬಂಡಿಯ ಮೈಗೆ ಬಿಗಿದ ಕಂಬಿ. ತಿರುಗುವುದು ಗಾಲಿ ಮಾತ್ರ. ಗಾಲಿ ಕಳಚಿಕೊಳ್ಳದಂತೆ ಇರುಸಿನ ತುದಿಗೆ ಕಡೆಗೀಲು ಹಾಕುತ್ತಾರೆ. ಜೇಡರ ದಾಸಿಮಯ್ಯ ಒಡಲನ್ನು ಬಂಡಿಯಾಗಿಸಿ, ಶರಣರ ನುಡಿಯನ್ನು ಅದರ ಕಡೆಗೀಲಾಗಿಸಿದ್ದು ನೆನಪಿರಬಹುದು.

ರಟ್ಟಿನ ಗಾಡಿಯನ್ನು ಎರಡು ಬಗೆಯಲ್ಲಿ ಕಟ್ಟಬಹುದು. ಒಂದು ಬಂಡಿಯ ಬಗೆ. ಕಡ್ಡಿಯನ್ನು ಪೆಟ್ಟಿಗೆಯ ತಳಕ್ಕೆ ಅಂಟಿಸಿಬಿಡುವುದು, ಗಾಲಿಯ ತೂತನ್ನು ಕೊಂಚ ಸಡಿಲವಾಗಿಡುವುದು, ತುದಿಗೆ ರಬ್ಬರಿನ ಚೂರೋ ರಟ್ಟಿನ ಬಿಲ್ಲೆಯೋ ಸಿಕ್ಕಿಸುವುದು. ಕಡೆಗೀಲು ಎಂಬ ಮಾತು ಇಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ ಹೊಂದುತ್ತದೆ. ಇನ್ನೊಂದು ರೈಲಿನ ಬಗೆ. ಪಾನೀಯ ಹೀರುವ ಸ್ಟ್ರಾವನ್ನು ತುಂಡರಿಸಿ ತಳಕ್ಕೆ ಅಂಟಿಸಿ, ಅದರೊಳಗೆ ಕಡ್ಡಿ ತೂರಿಸಿ, ಎರಡೂ ತುದಿಗೆ ಗಾಲಿಗಳನ್ನು ಗೋಂದು ಹಾಕಿ ಬಿಗಿಯುವುದು. ಆಗ ಗಾಲಿ, ಕಡ್ಡಿ ಎಲ್ಲ ಒಟ್ಟಿಗೆ ತಿರುಗುತ್ತವೆ. ಎರಡನೆಯದು ನೇರವಾಗಿ ಚೆನ್ನಾಗಿ ಓಡುತ್ತದೆ. ತಿರುವಿನಲ್ಲಿ ಮಾತ್ರ ಹೊರಗಿನ ಗಾಲಿ ಹೆಚ್ಚು ದಾರಿ ಸಾಗಬೇಕಾದರೂ ಎರಡೂ ಒಂದೇ ಲೆಕ್ಕದಲ್ಲಿ ಸುತ್ತುವುದರಿಂದ ಒಂದು ಗಾಲಿ ನೆಲದ ಮೇಲೆ ಜಾರುತ್ತದೆ. ಬಂಡಿಯ ಬಗೆಯಲ್ಲಿ ಪ್ರತಿ ಗಾಲಿಗೂ ಅದರದೇ ಓಟ.

ಈ ವ್ಯತ್ಯಾಸ ಮಗುವಿಗೆ ಮಾತಿನಲ್ಲೇ ತಿಳಿಯಬೇಕು ಎಂಬುದು ನನ್ನ ಹಟ. ‘ಇರುಸಿಗೆ ಗೋಂದು ಹಾಕಿ’ ಎಂಬ ಒಂದೇ ವಾಕ್ಯ ಮೊದಲ ಬಗೆಯಲ್ಲಿ ಪೆಟ್ಟಿಗೆಯ ತಳಕ್ಕೆ, ಎರಡನೆಯದರಲ್ಲಿ ಗಾಲಿಗೆ. ಅದಲುಬದಲಾದರೆ ಗಾಡಿ ಅಲುಗುವುದೇ ಇಲ್ಲ. ಆದ್ದರಿಂದ ನಿಂತ ಕಡ್ಡಿಗೆ ಇರುಸು, ತಿರುಗುವ ಕಡ್ಡಿಗೆ ಕದಿರು ಎಂದರೆ ಹೇಗೆ? ರಾಟೆಯ ಕದಿರು ತಾನೇ ತಿರುಗುವ ಕಡ್ಡಿ. ಅಷ್ಟರ ಮಟ್ಟಿಗೆ ಮಾತು ಸರಿ. ಆಕ್ಷೇಪಗಳೂ ಗೊತ್ತು. ಕದಿರು ನೂಲು ಸುತ್ತಿಕೊಳ್ಳುತ್ತದೆಯೇ ಹೊರತು ಭಾರ ಹೊರುವುದಿಲ್ಲ. ಜೊತೆಗೆ ಕದಿರು ಎಂದರೆ ತೆನೆ, ಕಿರಣ ಎಂಬ ಅರ್ಥಗಳೂ ಇವೆ. ತಿರುಗಿರುಸು ಎಂದು ಜೋಡಿಸಿದರೆ ಅರ್ಥ ಖಚಿತ, ಕಿವಿಗೆ ಹಿತವಿಲ್ಲ. ಸದ್ಯಕ್ಕೆ ನನ್ನ ಒಲವು ಕದಿರಿನ ಕಡೆಗೆ. ಇದಕ್ಕಿಂತ ಒಳ್ಳೆಯದು ಯಾರ ಬಳಿಯಾದರೂ ಇದ್ದರೆ ಬಿಟ್ಟುಕೊಡುತ್ತೇನೆ.

ರಟ್ಟಿನ ಬಗ್ಗೆಯೂ ಒಂದು ಮಾತು. ತಿಂಡಿಯ ಡಬ್ಬದ ತೆಳು ರಟ್ಟು ಬೇರೆ, ಸಾಮಾನು ತುಂಬಿ ಬರುವ ಪೆಟ್ಟಿಗೆಯ ದಪ್ಪ ರಟ್ಟು ಬೇರೆ. ಎರಡನೆಯದರ ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದರೆ ಎರಡು ಚಪ್ಪಟೆ ಹಾಳೆಗಳ ನಡುವೆ ಅಲೆಯಲೆಯಾಗಿ ಮಡಿದ ಇನ್ನೊಂದು ಹಾಳೆ ಕಾಣುತ್ತದೆ. ಅದರ ಬಲವೆಲ್ಲ ಆ ನಡುಹಾಳೆಯಲ್ಲಿ. ಇದನ್ನು ನಿರಿಗೆರಟ್ಟು ಎಂದು ಬರೆದಿದ್ದೇನೆ. ಸೀರೆಯ ನಿರಿಗೆ ಬಲ್ಲ ಮಗುವಿಗೆ ಬೇರೆ ವಿವರಣೆ ಬೇಡ. ಅಂದಹಾಗೆ, 1856ರಲ್ಲಿ ಇಂಗ್ಲೆಂಡಿನಲ್ಲಿ ನಿರಿಗೆಯ ಕಾಗದಕ್ಕೆ ಪೇಟೆಂಟ್ ಸಿಕ್ಕಿದ್ದು ಪೆಟ್ಟಿಗೆಗಾಗಿ ಅಲ್ಲ, ಎತ್ತರದ ಟೋಪಿಗಳ ಒಳಪದರಕ್ಕಾಗಿ. ಹಾಗಾಗಿ ಉಡುಪಿನ ಮಾತು ಇದಕ್ಕೆ ದೂರದ್ದಲ್ಲ. ನಿರಿಗೆಯ ಉದ್ದಕ್ಕೆ ಮಡಚಿದರೆ ರಟ್ಟು ಸಲೀಸಾಗಿ ಮಡಿಯುತ್ತದೆ, ಅಡ್ಡಕ್ಕೆ ಮಡಚಿದರೆ ಸೊಟ್ಟಗೆ ಮುರಿಯುತ್ತದೆ. ಗಾಲಿ ಗಟ್ಟಿಯಾಗಬೇಕಾದರೆ ಎರಡು ಬಿಲ್ಲೆಗಳನ್ನು, ಒಂದರ ನಿರಿಗೆ ಇನ್ನೊಂದರದಕ್ಕೆ ಅಡ್ಡ ಬರುವಂತೆ ಅಂಟಿಸಬೇಕು. ‘ನಿರಿಗೆಗುಂಟ’, ‘ನಿರಿಗೆಗಡ್ಡ’ ಎಂಬ ಎರಡು ಮಾತುಗಳಲ್ಲಿ ಇಷ್ಟೂ ಮುಗಿಯುತ್ತದೆ.

ಕ್ರಿಯಾಪದಗಳಲ್ಲಿ ನಮ್ಮ ನುಡಿ ಧಾರಾಳಿ. ಪೆನ್ಸಿಲಿನಲ್ಲಿ ಎಳೆದದ್ದು ಗೀಟು. ಮಡಚಲು ಅನುವಾಗಲೆಂದು ಚಮಚದ ಹಿಡಿಯಿಂದ ಒತ್ತಿ ಎಳೆದದ್ದು ಗೀರು. ಕತ್ತರಿ ಆರಪಾರ ಹೋದರೆ ಕೊಯ್ತ. ಇನ್ನೊಂದು ತುಂಡನ್ನು ಸಿಕ್ಕಿಸಲೆಂದು ಅಂಚಿನಿಂದ ಸ್ವಲ್ಪವೇ ಕೊಯ್ದರೆ ಕಚ್ಚು. ಗೀಟು ಮತ್ತು ಗೀರು ಮಾತ್ರ ಒಂದರ ಮೇಲೊಂದು ಬೀಳುತ್ತವೆ, ಚಿತ್ರದಲ್ಲಿ ಒಂದನ್ನು ಚುಕ್ಕೆಗೆರೆಯಾಗಿ ತೋರಿಸಿದರೆ ಸಾಕು. ಗಾಡಿ ನೆಟ್ಟಗೆ ಓಡದಿದ್ದಾಗಲೂ ಹಾಗೆಯೇ. ತೂತು ನಟ್ಟನಡುವೆ ಇಲ್ಲದಿದ್ದರೆ ಗಾಡಿ ಕುಂಟುತ್ತದೆ, ಅಂದರೆ ಏರಿ ಇಳಿದು ಸಾಗುತ್ತದೆ. ತೂತು ನಡುವೆಯೇ ಇದ್ದು ಕಡ್ಡಿ ಓರೆಯಾಗಿ ಹೊಕ್ಕಿದ್ದರೆ ಗಾಲಿ ಅತ್ತಿತ್ತ ತೊನೆಯುತ್ತದೆ. ಈ ಎರಡು ಪದ ಗೊತ್ತಿದ್ದರೆ ಮಗು ದೋಷವನ್ನು ತಾನೇ ಹುಡುಕಿಕೊಳ್ಳಬಲ್ಲುದು: ಕುಂಟಿದರೆ ಹೊಸ ಗಾಲಿ, ತೊನೆದರೆ ಕಡ್ಡಿಯನ್ನಷ್ಟೇ ನೆಟ್ಟಗೆ ಮಾಡಿ ಮತ್ತೆ ಅಂಟಿಸುವುದು. ನಡು ಹುಡುಕಲು ಕಾಗದದ ಬಿಲ್ಲೆಯನ್ನು ಎರಡು ಸಲ ಮಡಚಿ ಬಿಡಿಸಿದರೆ ಗೀರುಗಳು ಕೂಡುವ ಜಾಗವೇ ನಡು.

ಉಳಿದದ್ದು ಸ್ಟ್ರಾದ ತುಂಡು. ಅದು ಪಾನೀಯ ಹೀರುವ ಕೆಲಸ ಬಿಟ್ಟು ಕದಿರನ್ನು ಹಿಡಿದು ತಿರುಗಲು ಬಿಡುವ ಮನೆಯಾಗಿದೆ. ಗುಂಬ ಎನ್ನೋಣವೆಂದರೆ ಅದು ಗಾಲಿಯ ನಡುವಿನ ದಿಮ್ಮಿ, ಗಾಲಿಯೊಂದಿಗೇ ತಿರುಗುವಂಥದ್ದು; ಇದು ಪೆಟ್ಟಿಗೆಗೆ ಅಂಟಿ ನಿಂತದ್ದು. ಕೊಳವೆ, ನಳಿಕೆ ಎರಡೂ ಆಕಾರವನ್ನು ಹೇಳುತ್ತವೆ, ಕೆಲಸವನ್ನು ಹೇಳುವುದಿಲ್ಲ. ರಾಟೆಯಲ್ಲಿ ಕದಿರನ್ನು ಎರಡೂ ಕಡೆ ಹಿಡಿದಿಡುವ ಭಾಗಕ್ಕೆ ನೂಲುವವರು ಏನೆನ್ನುತ್ತಾರೆ? ರಾಟೆಯ ಮುಂದೆ ಕೂತು ಬಲ್ಲವರು, ಬಡಗಿ ಕೆಲಸದ ಮನೆಗಳಲ್ಲಿ ಬೆಳೆದವರು ತಮ್ಮಲ್ಲಿ ಓಡಾಡುವ ಮಾತನ್ನು ಇದ್ದ ಹಾಗೆಯೇ ತಿಳಿಸಿದರೆ ಉಪಕಾರ. ನಿಘಂಟಿನಲ್ಲಿ ಇಲ್ಲದಿದ್ದರೂ ಅಡ್ಡಿಯಿಲ್ಲ.