ಕುದುರೆಗೊಂದು ಆಡು, ಆಡಿಗೊಂದು ಆಡು

ಅಡಿಕೆಗೆ ದರ ಬಂದ ವರ್ಷ ಶಿರಸಿಯ ಕಡೆ ಜನ ಕಾರು ಕೊಳ್ಳುತ್ತಾರೆ. ನಮ್ಮ ಭಾವ ಕುದುರೆ ಕೊಂಡರು. ಏಕೆ ಎಂದು ಕೇಳಿದರೆ ಇವತ್ತಿಗೂ ಕವಳದ ಹರಿವಾಣವನ್ನು ಮುಂದೆ ತಳ್ಳಿ ಮಾತು ಬದಲಿಸುತ್ತಾರೆ. ಅದು ಹಾಗಿರಲಿ, ಭಾನುವಾರ ಜಗಲಿಯಲ್ಲಿ ಚರ್ಚೆಗೆ ಬಂದದ್ದು ಆ ಕುದುರೆಯ ಬೇಸರ.

"ಇಡೀ ದಿನ ಬಾಗಿಲಲ್ಲಿ ನಿಂತು ಆ ಕಾಲಿನಿಂದ ಈ ಕಾಲಿಗೆ ಭಾರ ಹಾಕುತ್ತ ತಲೆ ತೂಗುತ್ತದೆ. ಇಲ್ಲವೇ ಅಡ್ಡಪಟ್ಟಿ ಕಚ್ಚಿಕೊಂಡು ಗಾಳಿ ಎಳೆಯುತ್ತದೆ" ಎಂದರು ಭಾವ.

"ತಲೆ ತೂಗುವುದಾದರೆ ತಾಳಮದ್ದಳೆಗೆ ಕರೆದೊಯ್ಯೋಣ. ಮುಂದಿನ ಸಾಲಿಗೆ ಅಂಥವರೇ ಬೇಕು" ಎಂದರು ಮಾಸ್ತರರು.

ಪಶುವೈದ್ಯ ಮಿತ್ರರು ನಗಲಿಲ್ಲ. "ಒಂಟಿತನ ಅದು. ಕುದುರೆ ಹಿಂಡಿನ ಪ್ರಾಣಿ. ನಿಂತೇ ತೂಕಡಿಸಬಲ್ಲದು, ಆದರೆ ಗಾಢ ನಿದ್ದೆಗೆ ಮಲಗಲೇಬೇಕು. ಕಾವಲಿಗೆ ಇನ್ನೊಂದು ಜೀವ ಇದೆ ಎಂಬ ಧೈರ್ಯವಿಲ್ಲದೆ ಮಲಗಲು ಅಂಜುತ್ತದೆ. ಇನ್ನೊಂದು ಕುದುರೆ ತಂದರೆ ಎಲ್ಲಕ್ಕಿಂತ ಒಳ್ಳೆಯದು."

ಒಳಗಿನಿಂದ ಅಕ್ಕ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

"ಆಡಾದರೂ ಆದೀತು" ಎಂದು ವೈದ್ಯರು ತಕ್ಷಣ ತಿದ್ದಿಕೊಂಡರು. "ರೇಸ್ ಕುದುರೆಗಳ ಲಾಯದಲ್ಲಿ ಆಡು ಸಾಕುವುದು ಹಳೆಯ ಪದ್ಧತಿ."

ಮಾಸ್ತರರಿಗೆ ಇತಿಹಾಸ ಬಾರದೆ ಸಂಜೆ ಮುಗಿಯುವುದಿಲ್ಲ. "ವಿಜಯನಗರಕ್ಕೆಂದು ಭಟ್ಕಳದ ಬಂದರಿನಲ್ಲಿ ಅರಬ್ಬೀ ಕುದುರೆಗಳು ಇಳಿಯುತ್ತಿದ್ದವು. ಜೊತೆಗೆ ಆಡು ಇಳಿದದ್ದನ್ನು ನಾನೆಲ್ಲೂ ಓದಿಲ್ಲ."

"ಅವು ಗುಂಪಾಗಿಯೇ ಬರುತ್ತಿದ್ದವಲ್ಲ, ಬೇಸರಕ್ಕೆ ಪುರಸೊತ್ತೆಲ್ಲಿ?"

ನಾನು ನನ್ನ ಪಾಂಡಿತ್ಯವನ್ನೂ ಹೊರತೆಗೆದೆ. 1930ರ ದಶಕದಲ್ಲಿ ಅಮೆರಿಕದ ಸೀಬಿಸ್ಕಿಟ್ ಎಂಬ ಓಟದ ಕುದುರೆಗೆ ಅದರ ತರಬೇತುದಾರ ಹೀಗೆಯೇ ಆಡೊಂದನ್ನು ಜೊತೆಗೆ ಬಿಟ್ಟ. ಕುದುರೆ ಅದನ್ನು ಹಲ್ಲಿನಲ್ಲಿ ಹಿಡಿದು ಅಲ್ಲಾಡಿಸಿ ಹೊರಗೆ ಎಸೆಯಿತು. ಕೊನೆಗೆ ಪಂಪ್ಕಿನ್ ಎಂಬ ಸಾಧು ಕುದುರೆಯೇ ಬರಬೇಕಾಯಿತು.

"ಅದಕ್ಕೇ ಮೊದಲು ನಡುವೆ ಬೇಲಿಯಿಟ್ಟು ಮುಖಪರಿಚಯ ಮಾಡಿಸಬೇಕು" ಎಂದರು ವೈದ್ಯರು. "ಕೋಡಿಲ್ಲದ ಆಡು ಕ್ಷೇಮ. ಹೋತ ಬೇಡ, ಗಬ್ಬು ವಾಸನೆ. ಬೀಜ ತೆಗೆಸಿದ ಗಂಡು ಆಗಬಹುದು, ಆದರೆ ಕುದುರೆಯ ಕಾಳಿಗೆ ಬಾಯಿ ಹಾಕಲು ಬಿಟ್ಟರೆ ಅದಕ್ಕೆ ಮೂತ್ರದಲ್ಲಿ ಕಲ್ಲಾಗುತ್ತದೆ. ಮತ್ತೆ, ಒಂದೇ ಆಡು ತರಬೇಡಿ. ಅದೂ ಹಿಂಡಿನ ಪ್ರಾಣಿಯೇ. ಎರಡು ಬೇಕು."

"ಅಂದರೆ ಕುದುರೆಯ ಬೇಸರ ಕಳೆಯಲು ಆಡು, ಆಡಿನ ಬೇಸರ ಕಳೆಯಲು ಆಡು. ನನ್ನ ಬೇಸರಕ್ಕೆ?" ಎಂದಳು ಅಕ್ಕ, ಬಾಗಿಲಿಗೆ ಬಂದು.

ಯಾರೂ ಉತ್ತರಿಸಲಿಲ್ಲ.

ಲಾಭವಿಲ್ಲವೆಂದಲ್ಲ. ಕುದುರೆ ಮೂಸಿಯೂ ನೋಡದ ಪೊದೆ, ಕಳೆಗಳನ್ನು ಆಡು ಮೇಯುತ್ತದೆ. ಇವೆರಡರ ಹೊಟ್ಟೆಯ ಹುಳುಗಳೂ ಬಹುಪಾಲು ಬೇರೆ ಬೇರೆ, ಹಾಗಾಗಿ ಒಂದೇ ಬೇಣದಲ್ಲಿ ಮೇದರೆ ಇಬ್ಬರಿಗೂ ಅನುಕೂಲ. ಭಾವನ ಮುಖ ಅರಳಿತು. ಅಷ್ಟರಲ್ಲಿ ವೈದ್ಯರು ಮುಂದುವರಿದರು: ಆಡಿಗೆ ಕುದುರೆಯ ಬಾಲದ ಕೂದಲೆಂದರೆ ಪ್ರೀತಿ, ಮೊಂಡಾಗುವವರೆಗೂ ಜಗಿದೀತು. ಆಡು, ದನಗಳ ಕೆಲವು ಸಿದ್ಧ ಆಹಾರದಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ, ಕುದುರೆಯ ಹೃದಯಕ್ಕೆ ಅದು ವಿಷ, ಸ್ವಲ್ಪ ತಿಂದರೂ ಜೀವಕ್ಕೆ ಅಪಾಯ. ಇನ್ನು ನಮ್ಮ ಆಷಾಢದ ಮಳೆ: ಕೆಸರಿನಲ್ಲಿ ನಿಂತರೆ ಆಡಿನ ಗೊರಸು ಕೊಳೆಯುತ್ತದೆ, ಅದಕ್ಕೆ ಎತ್ತರದ ಅಟ್ಟದ ಗೂಡು ಬೇಕು.

"ಬೇಲಿ?" ಎಂದರು ಮಾಸ್ತರರು.

ಭಾವನ ಬೇಲಿ ಎಂದರೆ ಮೂರು ಅಡ್ಡಪಟ್ಟಿಗಳದ್ದು. ಕುದುರೆ ಅದನ್ನು ಗೌರವಿಸುತ್ತದೆ. ಆಡಿಗೆ ಅದು ಸ್ವಾಗತ ಕಮಾನು. ಆಚೆಗೆ ಅಕ್ಕನ ದಾಸವಾಳ, ಅದರಾಚೆ ಹೊಸದಾಗಿ ನೆಟ್ಟ ಅಡಿಕೆ ಸಸಿ, ಅದರಾಚೆ ಪಕ್ಕದ ಮನೆಯವರು. ಅವರೊಡನೆ ಗಡಿಯ ವ್ಯಾಜ್ಯ ಈಗಷ್ಟೇ ತಣ್ಣಗಾಗಿದೆ.

ಅಕ್ಕನೇ ದಾರಿ ತೋರಿದಳು. "ಕೊಟ್ಟಿಗೆಯಲ್ಲಿ ಎಮ್ಮೆ ಇದೆಯಲ್ಲ, ಅದು ಜೀವವಲ್ಲವೇ?"

ಜಗಲಿ ಸ್ತಬ್ಧವಾಯಿತು. ವೈದ್ಯರು ಗಡ್ಡ ಕೆರೆದುಕೊಂಡರು. "ದನ, ಕತ್ತೆ ಜೊತೆಯಾಗುವುದುಂಟು. ಎಮ್ಮೆಯೂ ಏಕಾಗಬಾರದು? ಕುದುರೆಗೆ ಕಾಣುವಂತೆ ಕಟ್ಟಿ ನೋಡೋಣ."

ಭಾವ ಆಗಲೇ ಚಪ್ಪಲಿ ಹುಡುಕುತ್ತಿದ್ದರು. "ಕಟ್ಟಿ" ಎಂದಳು ಅಕ್ಕ, "ಆದರೆ ಹೊಸ ಸ್ನೇಹದ ಗಾಬರಿಗೆ ಎಮ್ಮೆ ಹಾಲು ಏರಿಸಿಕೊಂಡರೆ, ಮುಂದಿನ ಭಾನುವಾರದಿಂದ ಈ ಪಂಡಿತರಿಗೆಲ್ಲ ಹಾಲಿಲ್ಲದ ಚಹಾ."

ಮಾಸ್ತರರು ತಟಕ್ಕನೆ ಎದ್ದು ನಿಂತರು: "ಆಡೇ ವಾಸಿ ಎಂದು ನನ್ನ ಅಭಿಪ್ರಾಯ."