ಹೊಸ ಲ್ಯಾಪ್‌ಟಾಪ್‌ನಲ್ಲಿ ಆನ್‌ಲೈನ್ ವಿಡಿಯೋ ತಡೆತಡೆದು ಓಡುತ್ತಿದೆ, ನೆಟ್ ಸ್ಪೀಡ್ ಚೆನ್ನಾಗಿಯೇ ಇದೆ

ಪ್ರಶ್ನೆ

ಹೊಸ ಲ್ಯಾಪ್‌ಟಾಪ್ ತಗೊಂಡಿದ್ದೇನೆ. ಇಂಟೆಲ್ ಐ5, 12ನೇ ತಲೆಮಾರು, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ. ಆಪರೇಟಿಂಗ್ ಸಿಸ್ಟಂ ಇಲ್ಲದೆ ಬಂದಿತ್ತು, ವಿಂಡೋಸ್ 11 ನಾನೇ ಹಾಕಿಕೊಂಡೆ. ಯೂಟ್ಯೂಬ್‌ನಲ್ಲಿ 1080ಪಿ ವಿಡಿಯೋ ಹಾಕಿದರೆ ಚಿತ್ರ ನಿಂತು ನಿಂತು ಓಡುತ್ತದೆ. ಮಾತು ಸರಿಯಾಗಿ ಕೇಳುತ್ತದೆ, ಚಿತ್ರ ಮಾತ್ರ ಹಾರಿ ಹಾರಿ ಬರುತ್ತದೆ. ಫುಲ್ ಸ್ಕ್ರೀನ್ ಮಾಡಿದರೆ ಇನ್ನೂ ಕಷ್ಟ. 360ಪಿಗೆ ಇಳಿಸಿದರೆ ಪರವಾಗಿಲ್ಲ. ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ.

ಇದೇ ವೈಫೈನಲ್ಲಿ ಹಳೆಯ ಲ್ಯಾಪ್‌ಟಾಪ್ ಅದೇ ವಿಡಿಯೋವನ್ನು ಆರಾಮಾಗಿ ಓಡಿಸುತ್ತದೆ. ಸ್ಪೀಡ್ ಟೆಸ್ಟ್‌ನಲ್ಲಿ 80 ಎಂಬಿಪಿಎಸ್ ಬರುತ್ತಿದೆ. ಕ್ಯಾಶ್ ಅಳಿಸಿದೆ, ಬೇರೆ ಬ್ರೌಸರ್ ಹಾಕಿ ನೋಡಿದೆ, ಪ್ರಯೋಜನ ಆಗಲಿಲ್ಲ. ಇನ್ನೊಂದು ಸಣ್ಣ ವಿಷಯ, ಇದಕ್ಕೆ ಸಂಬಂಧ ಇದೆಯೋ ಗೊತ್ತಿಲ್ಲ: ಸ್ಕ್ರೀನ್ ಬ್ರೈಟ್‌ನೆಸ್ ಕಡಿಮೆ ಮಾಡೋಕೆ ಆಗುತ್ತಿಲ್ಲ. ಲ್ಯಾಪ್‌ಟಾಪ್ ವಾಪಸ್ ಕೊಟ್ಟುಬಿಡಲಾ?

ಉತ್ತರ

ವಾಪಸ್ ಕೊಡೋದು ಸದ್ಯಕ್ಕೆ ಬೇಡ. ನೀವು ಕೊನೆಯಲ್ಲಿ ಹೇಳಿದ ಬ್ರೈಟ್‌ನೆಸ್ ವಿಷಯವೇ ಇಲ್ಲಿ ದೊಡ್ಡ ಸುಳಿವು ಅಂತ ನನಗನಿಸುತ್ತದೆ. ಆದರೆ ಮೊದಲು ಒಂದು ಮಾತು ಖಚಿತ ಮಾಡಿಕೊಳ್ಳೋಣ: ತೊಂದರೆ ನೆಟ್‌ನಲ್ಲಿದೆಯೋ, ಯಂತ್ರದಲ್ಲಿದೆಯೋ? ಅದು ಗೊತ್ತಾಗುವ ತನಕ ಯಾವ ಸೆಟ್ಟಿಂಗ್ ಬದಲಿಸಿದರೂ ಕತ್ತಲಲ್ಲಿ ತಡಕಿದ ಹಾಗೆ.

ನೆಟ್ ಸಾಲದೆ ಹೋದರೆ ಚಿತ್ರ, ಮಾತು ಎರಡೂ ಒಟ್ಟಿಗೆ ನಿಲ್ಲುತ್ತವೆ, ನಡುವೆ ಚಕ್ರ ತಿರುಗುತ್ತದೆ. ನಿಮ್ಮಲ್ಲಿ ಹಾಗಾಗುತ್ತಿಲ್ಲ. ಮಾತು ನಿಲ್ಲದೆ ಚಿತ್ರ ಮಾತ್ರ ಹಾರುತ್ತಿದೆ ಅಂದರೆ ಡೇಟಾ ಬಂದಿದೆ, ಕುಗ್ಗಿಸಿ ಕಳಿಸಿದ ಆ ವಿಡಿಯೋವನ್ನು ಬಿಡಿಸಿ (ಡಿಕೋಡ್ ಮಾಡಿ) ಪರದೆಗೆ ಹಾಕೋದು ತಡವಾಗುತ್ತಿದೆ. ಸೆಕೆಂಡಿಗೆ 60 ಫ್ರೇಮ್ (ಬಿಡಿ ಚಿತ್ರ) ಇರುವ ವಿಡಿಯೋದಲ್ಲಿ ಒಂದೊಂದು ಫ್ರೇಮಿಗೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಅಷ್ಟರಲ್ಲಿ ತಯಾರಾಗದ ಫ್ರೇಮನ್ನು ಪ್ಲೇಯರ್ ಕೈಬಿಟ್ಟು ಮುಂದೆ ಹೋಗುತ್ತದೆ. ಧ್ವನಿ ತಪ್ಪಬಾರದು, ಅದಕ್ಕೇ ಚಿತ್ರದಲ್ಲಿ ಕತ್ತರಿ ಹಾಕುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಒತ್ತಿ. ಮೂಲೆಯಲ್ಲಿ ಸಣ್ಣ ಕಪ್ಪು ಪೆಟ್ಟಿಗೆ ಬರುತ್ತದೆ. ಅದರಲ್ಲಿ ‘ಬಫರ್ ಹೆಲ್ತ್’ (ಮುಂಚೆಯೇ ಬಂದು ಕೂತಿರುವ ವಿಡಿಯೋ) ಎಷ್ಟು ಸೆಕೆಂಡ್ ಇದೆ, ‘ಡ್ರಾಪ್ಡ್’ (ಕೈಬಿಟ್ಟ ಫ್ರೇಮ್) ಎಷ್ಟಾಗುತ್ತಿದೆ, ‘ಕೋಡೆಕ್ಸ್’ (ವಿಡಿಯೋ ಕುಗ್ಗಿಸಿದ ವಿಧಾನ) ಸಾಲಿನಲ್ಲಿ ಏನಿದೆ, ಈ ಮೂರನ್ನು ಬರೆದು ಹಾಕಿ. ವಿಡಿಯೋ ಓಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು (ಮುಖ್ಯ ಪ್ರೊಸೆಸರ್) ಎಷ್ಟು ಶೇಕಡಾ ಇದೆ, ಪಟ್ಟಿಯಲ್ಲಿ ಜಿಪಿಯು (ಚಿತ್ರದ ಕೆಲಸ ಮಾಡುವ ಗ್ರಾಫಿಕ್ಸ್ ಭಾಗ) ಅಂತ ಇದೆಯಾ ನೋಡಿ. ಕೊನೆಗೆ ಡಿವೈಸ್ ಮ್ಯಾನೇಜರ್ ತೆಗೆದು ‘ಡಿಸ್‌ಪ್ಲೇ ಅಡಾಪ್ಟರ್ಸ್’ ಕೆಳಗೆ ಯಾವ ಹೆಸರಿದೆ ಅಂತಲೂ ತಿಳಿಸಿ.

ಪ್ರಶ್ನೆ ಕೇಳಿದವರು

ಬಫರ್ ಹೆಲ್ತ್ 40 ಸೆಕೆಂಡಿನ ಆಸುಪಾಸು ಇದೆ, ಇಳಿಯುತ್ತಲೇ ಇಲ್ಲ. ಡ್ರಾಪ್ಡ್ ಮಾತ್ರ ನೋಡನೋಡುತ್ತಿದ್ದಂತೆ ಏರುತ್ತಿದೆ. 4,200 ಫ್ರೇಮಿಗೆ 1,300 ದಾಟಿತು. ಕೋಡೆಕ್ ವಿಪಿ09. ಸಿಪಿಯು 90ರ ಮೇಲೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಅನ್ನೋ ಸಾಲೇ ಇಲ್ಲ! ಡಿಸ್‌ಪ್ಲೇ ಅಡಾಪ್ಟರ್ ಕೆಳಗೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತಿದೆ.

ಉತ್ತರ

ಸಿಕ್ಕಿತು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್, ಅಂದರೆ ಜಿಪಿಯುವನ್ನು ವಿಂಡೋಸ್ ಬಳಸಲು ಬೇಕಾದ ತಂತ್ರಾಂಶ, ಇನ್ನೂ ಕೂತಿಲ್ಲ. ಸರಿಯಾದ ಡ್ರೈವರ್ ಸಿಗದಿದ್ದಾಗ ಪರದೆಯ ಮೇಲೆ ಏನಾದರೂ ಕಾಣಲಿ ಅಂತ ವಿಂಡೋಸ್ ಹಾಕಿಕೊಳ್ಳುವ ಸಾಧಾರಣ ಡ್ರೈವರ್ ಆ ‘ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’. ಅದಕ್ಕೆ ಬ್ರೈಟ್‌ನೆಸ್ ಬದಲಿಸೋಕೆ ಬರುವುದಿಲ್ಲ, ಇನ್ನೊಂದು ಮಾನಿಟರ್ ಚುಚ್ಚಿದರೆ ಅದಕ್ಕೂ ಚಿತ್ರ ಕೊಡುವುದಿಲ್ಲ. ಜಿಪಿಯುವಿನೊಳಗೆ ವಿಡಿಯೋ ಬಿಡಿಸೋಕೆ ಅಂತಲೇ ಒಂದು ಭಾಗ ಇದೆ, ಅದನ್ನು ಮುಟ್ಟೋಕೂ ಆಗುವುದಿಲ್ಲ. ಹಾಗಾಗಿ ವಿಡಿಯೋ ಬಿಡಿಸುವುದು, ಪರದೆಯ ಅಳತೆಗೆ ಹಿಗ್ಗಿಸುವುದು, ಎಲ್ಲ ಸಿಪಿಯು ತಲೆಗೇ ಬೀಳುತ್ತದೆ. ಫುಲ್ ಸ್ಕ್ರೀನ್ ಮಾಡಿದಾಗ ಜಾಸ್ತಿ ಒದ್ದಾಡೋದು, ಫ್ಯಾನ್ ಕೂಗೋದು ಇದಕ್ಕೇ.

ವಿಂಡೋಸ್ ಹೊಸದಾಗಿ ಹಾಕಿದಾಗ ಸಾಮಾನ್ಯವಾಗಿ ವಿಂಡೋಸ್ ಅಪ್‌ಡೇಟ್ ತಾನೇ ಡ್ರೈವರ್ ಹುಡುಕಿ ತರುತ್ತದೆ. ಇನ್‌ಸ್ಟಾಲ್ ಮಾಡುವಾಗ ನೆಟ್ ಇಲ್ಲದಿದ್ದರೆ, ಆಮೇಲೆ ಅಪ್‌ಡೇಟ್ ನಿಲ್ಲಿಸಿಟ್ಟಿದ್ದರೆ, ಹೀಗೆ ಉಳಿದುಬಿಡುತ್ತದೆ. ಮೊದಲು ಲ್ಯಾಪ್‌ಟಾಪ್ ತಯಾರಕರ ಸಪೋರ್ಟ್ ಪುಟಕ್ಕೆ ಹೋಗಿ, ನಿಮ್ಮ ಮಾಡೆಲ್ ನಂಬರ್ ಕೊಟ್ಟು ಗ್ರಾಫಿಕ್ಸ್ ಡ್ರೈವರ್ ಇಳಿಸಿಕೊಳ್ಳಿ. ಅಲ್ಲೇ ಚಿಪ್‌ಸೆಟ್ ಡ್ರೈವರ್ ಇದ್ದರೆ ಅದನ್ನೂ ಹಾಕಿ. ಆ ಪುಟದಲ್ಲಿ ಇಲ್ಲದಿದ್ದರೆ ಇಂಟೆಲ್‌ನ ಸ್ವಂತ ತಾಣದಿಂದ ತಗೊಳ್ಳಿ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ’ ಅನ್ನುವ ಸಾಫ್ಟ್‌ವೇರ್‌ಗಳ ಸಹವಾಸ ದಯವಿಟ್ಟು ಬೇಡ. ಎಷ್ಟೋ ಸಲ ತಪ್ಪು ಡ್ರೈವರ್ ಹಾಕಿ, ಜೊತೆಗೆ ಬೇಡದ್ದನ್ನೂ ತುಂಬುತ್ತವೆ. ಡ್ರೈವರ್ ಹಾಕಿದ ಮೇಲೆ ಒಂದು ಸಲ ರೀಸ್ಟಾರ್ಟ್ ಮಾಡಿ.

ಆಮೇಲೆ ಮತ್ತೆ ಅದೇ ವಿಡಿಯೋ ಹಾಕಿ ಟಾಸ್ಕ್ ಮ್ಯಾನೇಜರ್ ನೋಡಿ. ಈಗ ಜಿಪಿಯು ಸಾಲು ಬಂದಿರಬೇಕು. ಅದರೊಳಗೆ ‘ವಿಡಿಯೋ ಡಿಕೋಡ್’ ಅನ್ನುವ ಗ್ರಾಫ್ ಇರುತ್ತದೆ. ವಿಡಿಯೋ ಓಡುವಾಗ ಅದು ಏಳಬೇಕು, ನಿಲ್ಲಿಸಿದಾಗ ಮಲಗಬೇಕು. ಅದು ಸೊನ್ನೆಯಲ್ಲೇ ಇದ್ದರೆ ಕ್ರೋಮ್ ಸೆಟ್ಟಿಂಗ್ಸ್‌ನ ‘ಸಿಸ್ಟಂ’ ವಿಭಾಗದಲ್ಲಿ ಗ್ರಾಫಿಕ್ಸ್ ಆಕ್ಸಲರೇಶನ್ (ಚಿತ್ರದ ಕೆಲಸವನ್ನು ಜಿಪಿಯುಗೆ ಕೊಡುವ ಸೆಟ್ಟಿಂಗ್) ಆನ್ ಇದೆಯಾ ನೋಡಿ.

ವಿಡಿಯೋ ತೊಡರಿದರೆ ಸಾಕು, ‘ಆಕ್ಸಲರೇಶನ್ ಆಫ್ ಮಾಡಿ’ ಅಂತ ಎಲ್ಲೆಡೆ ಹೇಳುತ್ತಾರೆ. ಡ್ರೈವರ್ ಕೆಟ್ಟಿದೆಯಾ ಅಂತ ಪರೀಕ್ಷೆ ಮಾಡಲು ಒಂದು ಸಲ ಆಫ್ ಮಾಡಿ ನೋಡುವುದು ಸರಿ. ಆಫ್ ಮಾಡಿಯೇ ಬಿಡೋದು ಸರಿಯಲ್ಲ. ನಿಮ್ಮ ಚಿಪ್‌ನಲ್ಲಿ ವಿಪಿ9 (ನಿಮಗೆ ಕಂಡ ವಿಪಿ09 ಇದೇ) ಮಾತ್ರ ಅಲ್ಲ, ಅದಕ್ಕಿಂತ ಹೊಸ ಕೋಡೆಕ್ ಎವಿ1 ಬಿಡಿಸುವ ಹಾರ್ಡ್‌ವೇರ್ ಕೂಡ ಇದೆ. ಇಂಟೆಲ್ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಎವಿ1 ಸೌಲಭ್ಯ 11ನೇ ತಲೆಮಾರಿನಿಂದ ಬಂತು. ದುಡ್ಡು ಕೊಟ್ಟು ತಗೊಂಡ ಸೌಲಭ್ಯ ಅದು, ಸುಮ್ನೆ ಯಾಕೆ ಮುಚ್ಚಿಡಬೇಕು?

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ಡ್ರೈವರ್ ಹಾಕಿದ ಕೂಡಲೇ ಸ್ಕ್ರೀನ್ ಒಂದು ಸಲ ಕಪ್ಪಾಗಿ ಬಂತು, ಬ್ರೈಟ್‌ನೆಸ್ ಸರಿಹೋಯಿತು. 1080ಪಿ 60 ಈಗ ನೀರಿನಂತೆ ಹರಿಯುತ್ತಿದೆ. ಸಿಪಿಯು 10ರ ಒಳಗೆ. ಆದರೆ ಎರಡು ಸಣ್ಣ ತೊಂದರೆ ಉಳಿದಿವೆ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡಾಗ ಆಗಾಗ ಚಕ್ರ ತಿರುಗುತ್ತದೆ, ಧ್ವನಿಯೂ ಕತ್ತರಿಸುತ್ತದೆ. ಮತ್ತೆ ಚಾರ್ಜರ್ ತೆಗೆದಾಗ ಚಿತ್ರ ಸ್ವಲ್ಪ ತೊಡರುತ್ತದೆ.

ಉತ್ತರ

ಒಳ್ಳೆಯದಾಯಿತು. ಉಳಿದ ಎರಡಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ.

ಚಕ್ರ ತಿರುಗುತ್ತದೆ ಅಂದರೆ ಈ ಸಲ ನಿಜವಾಗಿಯೂ ನೆಟ್‌ನ ವಿಷಯ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ನಿಮ್ಮ ವೈಫೈ ಕೂಡ ಅದೇ ಬ್ಯಾಂಡ್‌ನಲ್ಲಿದ್ದರೆ ಎರಡೂ ಒಂದೇ ಜಾಗಕ್ಕೆ ಕಿತ್ತಾಡುತ್ತವೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಎರಡಕ್ಕೂ ಒಂದೇ ಕಾರ್ಡ್ ಇರುತ್ತದೆ, ಆಂಟೆನಾ ಕೂಡ ಹಂಚಿಕೊಳ್ಳಬೇಕು. ವೈಫೈ ಹೆಸರಿನ ಪ್ರಾಪರ್ಟೀಸ್ ತೆಗೆದು ‘ನೆಟ್‌ವರ್ಕ್ ಬ್ಯಾಂಡ್’ ನೋಡಿ. 2.4 ಇದ್ದು, ನಿಮ್ಮ ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಅದಕ್ಕೆ ಬದಲಾಯಿಸಿ. ಗೋಡೆ ದಾಟುವುದರಲ್ಲಿ 5 ಸ್ವಲ್ಪ ಸೋಲುತ್ತದೆ, ಹಾಗಾಗಿ ರೂಟರ್ ತೀರಾ ದೂರ ಇರಬಾರದು. ವೈಫೈ ಡ್ರೈವರನ್ನೂ ಅದೇ ಸಪೋರ್ಟ್ ಪುಟದಿಂದ ಹೊಸದು ಹಾಕಿಬಿಡಿ.

ಬ್ಯಾಟರಿಯಲ್ಲಿ ಆಗುವುದಕ್ಕೆ ಮೊದಲು ಕ್ರೋಮ್‌ನ ‘ಪರ್ಫಾರ್ಮೆನ್ಸ್’ ಸೆಟ್ಟಿಂಗ್ ನೋಡಿ. ಅಲ್ಲಿ ‘ಎನರ್ಜಿ ಸೇವರ್’ ಇದೆ. ಬ್ಯಾಟರಿ ಉಳಿಸಲು ಅದು ವಿಡಿಯೋ ಫ್ರೇಮ್ ರೇಟನ್ನೇ ಇಳಿಸಬಹುದು. ಚಾರ್ಜರ್ ತೆಗೆದ ತಕ್ಷಣ ಶುರುವಾಗು ಅಂತ ಇಟ್ಟಿದ್ದರೆ ಬ್ಯಾಟರಿ ತುಂಬಿದ್ದರೂ ಹೀಗಾಗುತ್ತದೆ. ಅದನ್ನು 20 ಶೇಕಡಾಕ್ಕೆ ಇಳಿದಾಗ ಮಾತ್ರ ಅಂತ ಬದಲಿಸಿ. ವಿಂಡೋಸ್‌ನ ಪವರ್ ಮೋಡ್ ‘ಬ್ಯಾಲೆನ್ಸ್ಡ್’ ಇದ್ದರೆ ವಿಡಿಯೋಗೆ ಧಾರಾಳ ಸಾಕು.

ಇವೆರಡನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಮೊದಲು ಹೆಡ್‌ಫೋನ್ ಇಲ್ಲದೆ, ಚಾರ್ಜರ್ ತೆಗೆದು, ಅದೇ ವಿಡಿಯೋ ಹಾಕಿ ಡ್ರಾಪ್ಡ್ ಎಷ್ಟು ಬರುತ್ತದೆ ನೋಡಿ ಬರೆಯಿರಿ.